ಕಣ್ಣಾಸ್ಪತ್ರೆಯ ವರಾಂಡ ಖಾಲಿಯಾದ ಬಗೆ

ಮಧುಗಿರಿಯ ಕಣ್ಣಾಸ್ಪತ್ರೆಯೊಂದಕ್ಕೆ ನಾನು ಆಡಳಿತಾಧಿಕಾರಿಯಾಗಿ ಸೇರಿದ ದಿನ, ನನಗೆ ಕೊಟ್ಟಿದ್ದ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಸಿಗುವವರೆಗೆ ಹೊರಗೆ ಕೂತಿರಿ ಎಂದರು. ವರಾಂಡದ ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡು ಕೂತೆ. ಸುತ್ತಲೂ ಕಣ್ಣಿಗೆ ಪೊರೆ ಬಂದ ವಯಸ್ಸಾದವರು, ಅವರ ಜೊತೆಗೆ ಬಂದ ಮಗಳೋ ಸೊಸೆಯೋ ತಮ್ಮನೋ. ಹಳ್ಳಿಗಳ ಉಚಿತ ಶಿಬಿರಗಳಲ್ಲಿ ಪರೀಕ್ಷೆ ಮಾಡಿ, ಆಪರೇಷನ್ ಬೇಕೆಂದು ಆಸ್ಪತ್ರೆಯ ವ್ಯಾನಿನಲ್ಲಿ ಕರೆತಂದಿದ್ದ ಜನ. ಬೆಳಿಗ್ಗೆ ಬಂದಿಳಿದವರು ಊಟದ ಹೊತ್ತಾದರೂ ಅಲ್ಲೇ ಕೂತಿದ್ದರು.

ನನ್ನ ಪಕ್ಕದಲ್ಲಿ ಪಾವಗಡದ ಆಚೆಯ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯಿಂದ ಬಂದ ಒಬ್ಬ ಅಜ್ಜಿ ಇದ್ದರು. ಜೊತೆಯಲ್ಲಿ ಸೊಸೆ. ಹಿರಿಯ ನರ್ಸ್ ಒಬ್ಬರು ಬಂದು ಅಜ್ಜಿಯ ಮುಂದೆ ಬಗ್ಗಿ, ಮೆಲ್ಲಗೆ ಹೇಳಿದರು: "ಅಜ್ಜಿ, ನಿಮಗೆ ಸಕ್ಕರೆ ಜಾಸ್ತಿ ಐತೆ. ಇವತ್ತು ಆಪರೇಷನ್ ಮಾಡಕ್ಕಾಗಲ್ಲ. ಮಾತ್ರೆ ತಗೊಂಡು, ಕಮ್ಮಿ ಆದ್ಮೇಲೆ ಬನ್ನಿ."

ಅಜ್ಜಿ ದನಿ ಬಂದ ಕಡೆಗೆ ಮುಖ ತಿರುಗಿಸಿ ಹೇಳಿದರು: "ಏಮಮ್ಮಾ, ಹೋದ ಸಲಾನೂ ಇಂಗೇ ಅಂದ್ರಿ. ವ್ಯಾನ್ ಕಳುಸ್ತೀರಾ, ಕರ್ಕೊಂಡು ಬತ್ತೀರಾ, ಕೂರುಸ್ತೀರಾ, ವಾಪಸ್ ಕಳುಸ್ತೀರಾ. ನಿನ್ನ ಕಣ್ಣು ಇನ್ನು ಇಷ್ಟೇ, ಮನೇಲಿರು ಅಂತ ಒಂದ್ಸಲ ಅಂದ್ಬುಡಿ. ನೆಮ್ದಿಯಾಗಿ ಇದ್ಬುಡ್ತೀನಿ."

ಸೊಸೆ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ನಂಗೆ ಕೂಲಿ ಹೋಯ್ತು, ಅವ್ರಿಗೆ ಉಪವಾಸ ಆಯ್ತು. ನಡಿ ಅತ್ತೆ" ಎಂದು ಅವರ ಕೈ ಹಿಡಿದಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಕರೆತರುವುದಕ್ಕೆ ವ್ಯಾನ್ ಇತ್ತು. ವಾಪಸ್ ಹೋಗುವವರಿಗೆ ಸಂಜೆಯವರೆಗೆ ಇರಲಿಲ್ಲ.

ಆ ನರ್ಸಿನ ಮುಖ ನೋಡಿದೆ. ಅವರಿಗೂ ಬೇಸರವಾಗಿತ್ತು. ಬೈಯೋಣವೆಂದರೆ ಬೈಯುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದರು. ಆದರೂ ಅಜ್ಜಿ ಎರಡನೇ ಸಲ ಬಸ್ಸು ಹಿಡಿದು ಹೊರಟಿದ್ದರು. ಇಂಥದ್ದನ್ನು ನಾನು ಬೇರೆ ಕಡೆ ನೋಡಿದ್ದೆ. ಸರಿಮಾಡುವುದು ಹೇಗೆಂದೂ ನನಗೆ ಗೊತ್ತಿತ್ತು.

ನೋಡಿದ್ದು ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿ. ನಾನು ಶಿರಾ ತಾಲ್ಲೂಕಿನ ಬೇಸಾಯದ ಮನೆಯವಳು, ಓದಿದ್ದು ಸಿವಿಲ್ ಇಂಜಿನಿಯರಿಂಗ್. ಪಾವಗಡದ ಸೋಲಾರ್ ಪಾರ್ಕ್ ಕಟ್ಟುತ್ತಿದ್ದ ಕಾಲದಲ್ಲಿ ಅಲ್ಲೊಬ್ಬ ಗುತ್ತಿಗೆದಾರರ ಕಚೇರಿಯಲ್ಲಿ ಯೋಜನಾ ವಿಭಾಗದಲ್ಲಿದ್ದೆ. ಯಾವ ಕೆಲಸಕ್ಕೆ ಮುಂಚೆ ಯಾವ ಕೆಲಸ ಮುಗಿದಿರಬೇಕು, ಅದನ್ನು ಯಾರು ಮುಗಿಸಬೇಕು, ಎಲ್ಲಿ ತಡವಾದರೆ ಎಲ್ಲವೂ ತಡವಾಗುತ್ತದೆ ಎಂದು ನೋಡಿಕೊಳ್ಳುವುದೇ ನನ್ನ ಸಂಬಳದ ಕೆಲಸ. ನನ್ನಪ್ಪನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. "ನೀನು ಕಂಬ ನೆಡಲ್ಲ, ವೈರ್ ಎಳೆಯಲ್ಲ, ಮತ್ತೆ ಅಲ್ಲೇನ್ಲಾ ಮಾಡ್ತೀಯ?" ಎಂದು ಕೇಳುತ್ತಿದ್ದರು, ಹೆಣ್ಣುಮಕ್ಕಳಾದ ನಮ್ಮನ್ನೂ ಅವರು ಪ್ರೀತಿಯಿಂದ 'ಲಾ' ಎಂದೇ ಕರೆಯುತ್ತಿದ್ದದ್ದು. ಪಾರ್ಕಿನ ಕೆಲಸ ಮುಗಿದಾಗ ನನ್ನ ಕೆಲಸವೂ ಮುಗಿಯಿತು. ಗಂಡನಿಗೆ ಮಧುಗಿರಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವಿತ್ತು. ಊರು ಬಿಡುವ ಮನಸ್ಸಿಲ್ಲದೆ ಈ ಆಸ್ಪತ್ರೆಗೆ ಅರ್ಜಿ ಹಾಕಿದೆ.

ಸಂದರ್ಶನದಲ್ಲಿ ಹಿರಿಯ ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಕಂಬ ನೆಡಿಸುತ್ತಿದ್ದೋರಿಗೆ ಕಣ್ಣಾಸ್ಪತ್ರೆಯಲ್ಲಿ ಏನಮ್ಮ ಕೆಲಸ?" ಎಂದು ಕೇಳಿದ್ದರು.

"ಸರ್, ಅಲ್ಲೂ ಕೆಲಸ ನಿಲ್ಲುತ್ತಿದ್ದದ್ದು ಕಂಬ ಇಲ್ಲ ಅಂತಲ್ಲ. ಕಂಬ ಬರುತ್ತಿತ್ತು, ಗುಂಡಿ ತೋಡಿರುತ್ತಿರಲಿಲ್ಲ. ಇಲ್ಲಿ ಗುಂಡಿ ಯಾವುದು ಅಂತ ನೋಡುತ್ತೀನಿ" ಎಂದಿದ್ದೆ.

ಅವರಿಗೆ ನಗು ಬಂತು. ನಂಬಿಕೆ ಬಂದಿತ್ತೆಂದು ನನಗೆ ಅನ್ನಿಸಲಿಲ್ಲ. ಅವರು ಈ ಭಾಗದಲ್ಲೆಲ್ಲ ಹೆಸರಾದ ಶಸ್ತ್ರಚಿಕಿತ್ಸಕರು. ಅವರ ಕೈಯ ಚುರುಕನ್ನು ನಾನು ಆಮೇಲೆ ಗಾಜಿನ ಕಿಟಕಿಯಿಂದ ಎಷ್ಟೋ ಸಲ ನಿಂತು ನೋಡಿದ್ದೇನೆ.

ಮೊದಲ ಕೆಲವು ವಾರ ಏನನ್ನೂ ಬದಲಿಸುವುದಿಲ್ಲ, ಸುಮ್ಮನೆ ನೋಡುತ್ತೇನೆ ಎಂದು ಅವರಿಗೆ ಹೇಳಿದ್ದೆ. ಒಂದು ದಿನ ಕೊರಟಗೆರೆಯಿಂದ ಬಂದ ಹೂವಿನ ವ್ಯಾಪಾರಿಯೊಬ್ಬರ ಹಿಂದೆಯೇ ಬಿದ್ದೆ. ಅವರು ವ್ಯಾನಿನಿಂದ ಇಳಿದ ಗಳಿಗೆಯಿಂದ ಅವರು ಎಲ್ಲಿ ಕೂತರೆ ನಾನೂ ಅಲ್ಲೇ. ಹೆಸರು ಬರೆಸಲು ಕಾದರು. ಹನಿ ಹಾಕಿಸಿಕೊಳ್ಳಲು ಕಾದರು. ಕಣ್ಣೊಳಗೆ ಕೂರಿಸುವ ಲೆನ್ಸಿನ ಅಳತೆ ತೆಗೆಯುವ ಸಣ್ಣ ಕೋಣೆಯ ಮುಂದೆ ಬಹಳ ಹೊತ್ತು ಕಾದರು. ಆ ಅಳತೆ ತೆಗೆಯುತ್ತಿದ್ದ ತಂತ್ರಜ್ಞ ಒಬ್ಬನೇ. ಅವನೇ ಕನ್ನಡಕದ ಅಂಗಡಿಯನ್ನೂ ನೋಡಿಕೊಳ್ಳಬೇಕಿತ್ತು, ಕೂಗಿದಾಗಲೆಲ್ಲ ಎದ್ದು ಓಡುತ್ತಿದ್ದ. ಅದಾದ ಮೇಲೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆ, ಅದಕ್ಕೂ ಕಾದರು. ಅವರ ಮೇಲೆ ನಿಜವಾಗಿ ಕೈಯಿಟ್ಟು ಮಾಡಿದ ಕೆಲಸವನ್ನೆಲ್ಲ ಒಟ್ಟು ಹಾಕಿದರೆ ಒಂದು ಊಟ ಮಾಡುವಷ್ಟು ಹೊತ್ತು. ಮಿಕ್ಕಿದ್ದೆಲ್ಲ ಬೆಂಚು.

ಮಧ್ಯಾಹ್ನದ ಹೊತ್ತಿಗೆ ಆ ವ್ಯಾಪಾರಿ ನನ್ನ ಕಡೆ ತಿರುಗಿ, ಬಹಳ ಕನಿಕರದಿಂದ ಕೇಳಿದರು: "ಪಾಪ, ಇಷ್ಟು ಸಣ್ಣ ವಯಸ್ಸಿಗೇ ನಿಮ್ಗೂ ಪೊರೆ ಬಂದ್ಬುಡ್ತಾ ಮೇಡಂ?"

ಮರುದಿನ ಡಾಕ್ಟರ ಕೋಣೆಗೆ ಹೋದೆ. ಅವರು ಆಸ್ಪತ್ರೆ ನಡೆಸುವ ಟ್ರಸ್ಟಿನವರನ್ನು ಇನ್ನೊಂದು ಆಪರೇಷನ್ ಟೇಬಲ್ ಕೊಡಿಸಿ ಎಂದು ಕೇಳುತ್ತಲೇ ಇದ್ದರು. ಟೇಬಲ್ ಒಂದೇ ಇರುವುದರಿಂದ ಜನ ಕಾಯಬೇಕಾಗಿದೆ ಎನ್ನುವುದು ಅವರ ಲೆಕ್ಕ.

"ಸರ್, ಇರುವ ಟೇಬಲ್ಲೇ ಅರ್ಧ ದಿನ ಖಾಲಿ ಇರುತ್ತೆ" ಎಂದೆ.

ಅವರ ಮುಖ ಕೆಂಪಾಯಿತು. "ನಾನು ಕೆಲಸ ಮಾಡಲ್ಲ ಅಂತೀಯೇನಮ್ಮ? ಬೆಳಿಗ್ಗೆಯಿಂದ ಗೌನ್ ಹಾಕ್ಕೊಂಡು ಕೂತಿರ್ತೀನಿ. ಪೇಷಂಟೇ ಒಳಗೆ ಬರಲ್ಲ!"

"ಅದನ್ನೇ ಹೇಳುತ್ತಿರೋದು ಸರ್. ನೀವು ಒಳಗೆ ಕಾಯುತ್ತೀರಿ, ಅವರು ಹೊರಗೆ ಕಾಯುತ್ತಾರೆ. ನಡುವೆ ಒಂದು ಸಣ್ಣ ಕೋಣೆ ಇದೆ. ಎಲ್ಲರೂ ಅದರೊಳಗೆ ಒಬ್ಬೊಬ್ಬರಾಗಿ ತೂರಬೇಕು. ಎರಡನೇ ಟೇಬಲ್ ತಂದರೆ ಖಾಲಿ ಟೇಬಲ್ ಎರಡಾಗುತ್ತವೆ."

ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಕಣ್ಣು ಸೋಲಾರ್ ಪ್ಲೇಟ್ ಅಲ್ಲಮ್ಮ" ಎಂದರು ಕೊನೆಗೆ.

"ಗೊತ್ತು ಸರ್. ಕಣ್ಣಿನ ವಿಷಯ ಪೂರ್ತಿ ನಿಮ್ಮದು. ಕಣ್ಣು ನಿಮ್ಮ ಕೈಗೆ ಬರುವವರೆಗಿನ ದಾರಿ ಮಾತ್ರ ನನಗೆ ಕೊಡಿ. ಒಂದೇ ಒಂದು ಶಿಬಿರಕ್ಕೆ ಕೊಡಿ, ಸಾಕು."

"ಯಾವುದು?"

"ಬಡವನಹಳ್ಳಿ."

ಅದು ಹತ್ತಿರದ ಊರು, ಸುತ್ತಲಿನ ಹಳ್ಳಿಯವರು ವ್ಯಾಪಾರಕ್ಕೆ ಬಂದು ಹೋಗುವ ಜಾಗ. ಎಡವಟ್ಟಾದರೂ ಬೇಗ ಸರಿಮಾಡಬಹುದು ಎಂಬ ಧೈರ್ಯದಿಂದ ಅದನ್ನೇ ಕೇಳಿದ್ದೆ. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ. "ನೀವು ಶಿಬಿರದಲ್ಲಿ ಏನೇ ಪರೀಕ್ಷೆ ಮಾಡಿ, ಆಪರೇಷನ್ ದಿನ ಬೆಳಿಗ್ಗೆ ಇನ್ನೊಂದು ಸಲ ಸಕ್ಕರೆ ನೋಡದೆ ನಾನು ಕಣ್ಣು ಮುಟ್ಟಲ್ಲ." ಅದು ನ್ಯಾಯವಾದ ಮಾತು. ಕೂಡಲೇ ಒಪ್ಪಿದೆ.

ಆ ವಾರ ಊಟದ ಕೋಣೆಯ ಗೋಡೆಗೆ ಉದ್ದನೆಯ ಕಂದು ಕಾಗದ ಅಂಟಿಸಿದೆ. ಹಿರಿಯ ನರ್ಸ್, ಅಳತೆ ತೆಗೆಯುವ ತಂತ್ರಜ್ಞ, ವ್ಯಾನಿನ ಡ್ರೈವರಣ್ಣ, ಮೂವರನ್ನೂ ಕರೆದೆ. ಡಾಕ್ಟರು ಬರುವುದಿಲ್ಲವೆಂದುಕೊಂಡಿದ್ದೆ, ಟೀ ಲೋಟ ಹಿಡಿದುಕೊಂಡು ಬಂದು ಹಿಂದೆ ನಿಂತರು. ಕಾಗದದ ಬಲ ತುದಿಯಲ್ಲಿ ಒಂದು ಚೀಟಿ ಅಂಟಿಸಿದೆ: 'ಅಜ್ಜಿಗೆ ಕಣ್ಣು ಕಂಡಿತು.' ಇದು ಆಗಬೇಕಾದರೆ ಇದಕ್ಕೆ ಮುಂಚೆ ಏನು ಆಗಿರಬೇಕು ಎಂದು ಕೇಳಿದೆ. ಆಪರೇಷನ್ ಎಂದರು ಡಾಕ್ಟರು. ಅದಕ್ಕೆ ಮುಂಚೆ? ಉಪಕರಣಗಳನ್ನು ಸ್ಟೆರಿಲೈಸ್ ಮಾಡಿಟ್ಟಿರಬೇಕು ಎಂದರು ನರ್ಸ್. ಅಳತೆಯ ಲೆನ್ಸ್ ಬಂದಿರಬೇಕು ಎಂದ ತಂತ್ರಜ್ಞ. ಹೀಗೆ ಒಂದೊಂದೇ ಚೀಟಿ ಎಡಕ್ಕೆ ಸರಿಯುತ್ತಾ ಹೋಯಿತು.

"ಅದ್ಕೂ ಮುಂಚೆ ಅವ್ರು ವ್ಯಾನ್ ಹತ್ಬೇಕಲ್ಲ ಮೇಡಂ" ಎಂದ ಡ್ರೈವರಣ್ಣ.

ಎಲ್ಲರೂ ನಕ್ಕರು. ಅವನು ನಗಲಿಲ್ಲ. "ನಗ್ಬೇಡ್ರಿ. ಎಷ್ಟೋ ಜನ ಹತ್ತಲ್ಲ. ಮನೆ ಮುಂದೆ ಗಾಡಿ ನಿಲ್ಲಿಸ್ಕೊಂಡು ಹಾರ್ನ್ ಹೊಡೀತಿರ್ತೀನಿ. ಒಳಗಿಂದ, ಇವತ್ತು ಜೊತೇಲಿ ಬರಕ್ಕೆ ಯಾರೂ ಇಲ್ಲ ಓಗಣ್ಣ ಅಂತಾರೆ. ಮುಂಚೇನೇ ಒಂದು ಫೋನ್ ಮಾಡಿದ್ರೆ ಯಾರ್ನಾದ್ರೂ ಗೊತ್ತು ಮಾಡ್ಕೊಂಡಿರ್ತಿದ್ರು."

ನಾನು ಅದನ್ನೂ ಒಂದು ಚೀಟಿಯಲ್ಲಿ ಬರೆದು ಅಂಟಿಸಿದೆ. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಇಡೀ ದಾರಿ ಕಾಣುತ್ತಿತ್ತು. ಅಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದವರು ಅದನ್ನು ಒಟ್ಟಿಗೆ ಒಂದು ಸಲವೂ ನೋಡಿರಲಿಲ್ಲ. ನರ್ಸ್ ಸಕ್ಕರೆ ಪರೀಕ್ಷೆಯ ಚೀಟಿಯ ಮುಂದೆ ಬಹಳ ಹೊತ್ತು ನಿಂತಿದ್ದರು. "ಇದು ಇಲ್ಲಿ ಯಾಕಿದೆ ಮೇಡಂ? ಎಲ್ಲ ಆದ ಮೇಲೆ, ಕೊನೆಗೆ? ಇದನ್ನು ಶಿಬಿರದಲ್ಲೇ ಮಾಡಿದರೆ ಜಾಸ್ತಿ ಇರೋರನ್ನ ವ್ಯಾನಿಗೇ ಹತ್ತಿಸಲ್ವಲ್ಲ" ಎಂದು ತಾವೇ ಕಿತ್ತು ಎಡಗಡೆಗೆ ಅಂಟಿಸಿದರು. ತಂತ್ರಜ್ಞ ಅಳತೆ ಯಂತ್ರವನ್ನೂ ಶಿಬಿರಕ್ಕೇ ಒಯ್ಯಬಹುದು ಎಂದ; ಆದರೆ ಕುಲುಕಾಡದಂತೆ ತೊಡೆಯ ಮೇಲೇ ಇಟ್ಟುಕೊಂಡು ಹೋಗಬೇಕು, ಕನ್ನಡಕದ ಅಂಗಡಿಯನ್ನು ಆವತ್ತು ಬೇರೆಯವರು ನೋಡಿಕೊಳ್ಳಬೇಕು ಎಂದ.

ಪ್ರತಿ ಚೀಟಿಯ ಕೆಳಗೂ ಒಬ್ಬರದೇ ಹೆಸರು ಬರೆಯಬೇಕೆಂದು ನಾನು ಹಠ ಹಿಡಿದೆ. 'ಎಲ್ಲರೂ' ಎಂದು ಬರೆಯಲು ಬಿಡಲಿಲ್ಲ. ಸಕ್ಕರೆ ಜಾಸ್ತಿಯಿದ್ದವರನ್ನು ಅವರ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಿ, ಸರಿಹೋದ ಮೇಲೆ ಮತ್ತೆ ಕರೆಯುವ ಕೆಲಸದ ಕೆಳಗೆ ಯಾರ ಹೆಸರೂ ಬೀಳಲಿಲ್ಲ. ಅಲ್ಲಿ ನನ್ನ ಹೆಸರು ಬರೆದುಕೊಂಡೆ.

ಶಿಬಿರಕ್ಕೆ ಮುಂಚೆ ಇನ್ನೊಂದು ಸಲ ಕೂತೆವು. "ಬಡವನಹಳ್ಳಿ ಶಿಬಿರ ಮುಗಿದಿದೆ, ಪೂರ್ತಿ ಕೆಟ್ಟುಹೋಗಿದೆ ಅಂದುಕೊಳ್ಳಿ. ಯಾಕೆ ಕೆಟ್ಟಿತು, ಹೇಳಿ" ಎಂದೆ.

"ಶುರು ಮಾಡೋಕೆ ಮುಂಚೇನೇ ಅಪಶಕುನ ಯಾಕೆ ಮೇಡಂ?" ಎಂದರು ನರ್ಸ್.

ಆದರೆ ಒಬ್ಬರು ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಕರೆಂಟ್ ಹೋಗುತ್ತೆ. ಶಾಲೆಯ ಕೋಣೆಯಲ್ಲಿ ಬೆಳಕು ಜಾಸ್ತಿ, ಕಣ್ಣಿನ ಅಳತೆಗೆ ಕತ್ತಲೆ ಬೇಕು. ಕಣ್ಣಿನ ಹನಿ ನಡುವೆ ಮುಗಿಯುತ್ತೆ. ಬರಿ ಹೊಟ್ಟೆಯಲ್ಲಿ ಬಂದವರು ತಲೆ ಸುತ್ತಿ ಬೀಳುತ್ತಾರೆ. ನಾವು ಬ್ಯಾಟರಿ, ಕಪ್ಪು ಪರದೆ, ಹೆಚ್ಚುವರಿ ಹನಿ, ಬ್ರೆಡ್ಡು ಎಲ್ಲ ಕಟ್ಟಿಕೊಂಡು ಹೊರಟೆವು.

ಕರೆಂಟ್ ಹೋಯಿತು, ಬ್ಯಾಟರಿ ಇತ್ತು. ಅಳತೆ, ರಕ್ತದೊತ್ತಡ, ಸಕ್ಕರೆ ಎಲ್ಲವೂ ಶಾಲೆಯ ಕೋಣೆಯಲ್ಲೇ ಮುಗಿಯುತ್ತಾ ಬಂತು. ಯಾರೂ ಊಹಿಸದಿದ್ದ ತೊಂದರೆ ಬೇರೆಯೇ ಬಂತು. ಸಕ್ಕರೆ ಜಾಸ್ತಿ ಬಂದವರನ್ನು ನಾವು ಇನ್ನೊಂದು ಕೋಣೆಯಲ್ಲಿ ಕೂರಿಸಿದ್ದೆವು. ವ್ಯಾನಿಗೆ ಹೆಸರು ಕೂಗಲು ಶುರು ಮಾಡಿದಾಗ ಆ ಕೋಣೆಯಿಂದ ಗಲಾಟೆ ಎದ್ದಿತು. ಟವೆಲ್ಲನ್ನು ತಲೆಗೆ ಸುತ್ತಿದ್ದ ಯಜಮಾನರೊಬ್ಬರು ಬಾಗಿಲಿಗೆ ಬಂದು ನಿಂತಿದ್ದರು.

"ಬ್ಯಾಡದೋರ್ನೆಲ್ಲ ಇಲ್ಲಿ ಕೂಡಾಕವ್ರೆ ಕಣ್ರಲಾ! ಬೇಕಾದೋರ್ನ ಮಾತ್ರ ಕರ್ಕೊಂಡು ಓಯ್ತಾವ್ರೆ!"

ನಾನು ಮುಂದೆ ಹೋಗಿ ಸಕ್ಕರೆ, ಆಪರೇಷನ್, ಗಾಯ ಮಾಯುವುದು ಎಂದು ವಿವರಿಸಲು ಶುರು ಮಾಡಿದೆ. ಯಾರೂ ಕೇಳಲಿಲ್ಲ. ನರ್ಸ್ ನನ್ನ ಭುಜ ಮುಟ್ಟಿ ಪಕ್ಕಕ್ಕೆ ಸರಿಸಿ, ಯಜಮಾನರ ಎದುರು ಕುರ್ಚಿ ಎಳೆದುಕೊಂಡು ಕೂತರು. "ಯಜಮಾನ್ರೆ, ಇವತ್ತು ನಿಮ್ಮನ್ನ ಕರ್ಕೊಂಡು ಓದ್ರೆ ನಾಳೆ ವಾಪಸ್ ಕಳಿಸ್ಬೇಕಾಯ್ತದೆ. ನಂಗೆ ನಾಚ್ಕೆ ಆಯ್ತದೆ, ನಿಮ್ಗೆ ಬಸ್ ಚಾರ್ಜು. ಇಲ್ಲೇ ಮಾತ್ರೆ ಬರೆಸ್ಕೊಳ್ಳಿ. ಈ ಮೇಡಂ ನಿಮಗೆ ಫೋನ್ ಮಾಡ್ತಾರೆ. ಮಾಡಿಲ್ಲ ಅಂದ್ರೆ ನನ್ನ ಕೇಳಿ."

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಜ್ವಾಗ್ಲೂ ಮಾಡ್ತೀಯೇನವ್ವಾ?"

"ಮಾಡ್ತೀನಿ" ಎಂದೆ. ಅಲ್ಲಿಂದ ಮುಂದೆ ಪ್ರತಿ ಶಿಬಿರದಲ್ಲೂ ಅಂಥವರನ್ನು ಬೇರೆ ಕೂರಿಸುವುದನ್ನು ಬಿಟ್ಟೆವು. ಎಲ್ಲರ ಜೊತೆಯಲ್ಲೇ ಕೂರಿಸಿ, ಮುಂದೆ ಏನಾಗುತ್ತದೆಂದು ಮೊದಲೇ ಹೇಳಿ, ಫೋನ್ ನಂಬರು ತೆಗೆದುಕೊಂಡೆವು.

ಬಡವನಹಳ್ಳಿಯವರ ಆಪರೇಷನ್ ದಿನ ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ದಿನವೇ ಬಂದು ವಾರ್ಡಿನಲ್ಲಿ ಮಲಗಿದ್ದವರಿಗೆ ಬೆಳಿಗ್ಗೆ ಬೆರಳು ಚುಚ್ಚಿ ಮತ್ತೊಮ್ಮೆ ಸಕ್ಕರೆ ನೋಡುವುದು, ಹನಿ ಹಾಕುವುದು, ಇಷ್ಟೇ ಬಾಕಿ. ಡಾಕ್ಟರು ಗೌನ್ ತೊಟ್ಟು ಒಳಗೆ ಹೋದರೆ ಟೇಬಲ್ಲಿನ ಮೇಲೆ ಆಗಲೇ ಒಬ್ಬರು ಮಲಗಿದ್ದರು. ಒಬ್ಬರು ಇಳಿದರೆ ಇನ್ನೊಬ್ಬರು ಬಾಗಿಲಲ್ಲಿ. ಬೇಕಾದ ಲೆನ್ಸ್ ಪ್ರತಿಯೊಬ್ಬರ ಕಾಗದದ ಜೊತೆಗೇ ಸಿದ್ಧವಿತ್ತು. ಊಟಕ್ಕೆ ಇನ್ನೂ ಹೊತ್ತಿರುವಾಗಲೇ ಡಾಕ್ಟರು ತಲೆಯೆತ್ತಿ, "ಮುಂದಿನೋರು?" ಎಂದು ಕೇಳಿದರು.

"ಇಲ್ಲ ಸರ್. ಮುಗೀತು" ಎಂದರು ನರ್ಸ್.

"ಏನು ಮುಗೀತು?"

"ಎಲ್ಲ ಮುಗೀತು ಸರ್. ಇವತ್ತಿನದು."

ಅವರು ಕೈಗವಸು ತೆಗೆಯದೆ ಹಾಗೇ ನಿಂತಿದ್ದರು. ಆಮೇಲೆ ಹೊರಗೆ ಬಂದು ವರಾಂಡ ನೋಡಿದರು. ಅಲ್ಲಿ ಯಾರದೋ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ. "ಜನ ಎಲ್ಲಿ?" ಎಂದು ನನ್ನನ್ನು ಕೇಳಿದರು. ವಾರ್ಡಿನಲ್ಲಿ ಊಟ ಮಾಡುತ್ತಿದ್ದಾರೆ ಎಂದೆ. ಸಂಜೆ ಅವರು ನನ್ನ ಕೋಣೆಗೆ ಬಂದು, ಕೂರದೆ, "ತಿರುಮಣಿ ಶಿಬಿರಾನೂ ಇದೇ ತರ ಮಾಡಿ" ಎಂದು ಹೇಳಿ ಹೋದರು.

ತಿರುಮಣಿಗೆ ನಾನೂ ವ್ಯಾನಿನಲ್ಲೇ ಹೋದೆ. ನಾನು ಬಿಟ್ಟು ಬಂದ ಮೇಲೆ ಮೊದಲ ಸಲ ಆ ರಸ್ತೆ. ಎರಡೂ ಕಡೆ ಗಾಜಿನ ಹಲಗೆಗಳು ಬಿಸಿಲಿಗೆ ಮುಖ ಮಾಡಿ ನಿಂತಿದ್ದವು. "ಇವೆಲ್ಲ ನಿಮ್ಮವೇನು ಮೇಡಂ?" ಎಂದು ಡ್ರೈವರಣ್ಣ ಕೇಳಿದ. ಆ ಕೊನೆಯ ಸಾಲುಗಳ ಕಂಬಗಳಿಗಾಗಿ ನಾನು ಎಷ್ಟು ಜಗಳವಾಡಿದ್ದೆ ಎಂದು ಅವನಿಗೆ ಹೇಳಿದೆ. ಹಮ್ಮು ಅನ್ನಿಸಿದರೆ ಅನ್ನಿಸಲಿ, ನನಗೆ ಆ ಸಾಲುಗಳನ್ನು ನೋಡಿ ಖುಷಿಯೇ ಆಯಿತು.

ಈ ಶಿಬಿರಕ್ಕೆ ಎಷ್ಟೋ ವಾರ ಮುಂಚೆಯೇ ನಾನೊಂದು ಹುಡುಕಾಟ ನಡೆಸಿದ್ದೆ. ಮೊದಲ ದಿನ ನನ್ನ ಪಕ್ಕದಲ್ಲಿ ಕೂತಿದ್ದ ಆ ಅಜ್ಜಿಯ ಊರು ಅಲ್ಲಿಂದ ದೂರವಿರಲಿಲ್ಲ. ಆ ಭಾಗದ ಆಶಾ ಕಾರ್ಯಕರ್ತೆಯ ಮೂಲಕ ಮನೆ ಸಿಕ್ಕಿತ್ತು. ಫೋನ್ ಮಾಡಿದರೆ ಸೊಸೆ ಎತ್ತಿಕೊಂಡಳು. "ವದ್ದಕ್ಕಾ, ಬ್ಯಾಡ. ಇನ್ನೊಂದ್ಸಲ ಬರಲ್ಲ ಅಂತ ಅವ್ರು ಆಣೆ ಇಟ್ಕೊಂಡವ್ರೆ" ಎಂದಳು.

"ಬರೋದು ಬೇಡ. ಮನೆಯಲ್ಲೇ ಇರಲಿ. ವಾರಕ್ಕೊಂದು ಸಲ ಆಶಾ ಅಕ್ಕ ಬಂದು ಸಕ್ಕರೆ ನೋಡ್ತಾರೆ, ಆರೋಗ್ಯ ಕೇಂದ್ರದವರು ಮಾತ್ರೆ ಕೊಡ್ತಾರೆ. ಸರಿಯಾದ ಮೇಲೆ ನಾನೇ ಹೇಳ್ತೀನಿ. ಅಲ್ಲೀವರೆಗೂ ವ್ಯಾನ್ ಕಳಿಸಲ್ಲ" ಎಂದೆ.

ವ್ಯಾನ್ ಕಳಿಸುವುದಿಲ್ಲ ಎಂದಿದ್ದೇ ಅವಳಿಗೆ ಸಮಾಧಾನ ತಂದಿತೆಂದು ಕಾಣುತ್ತದೆ. ಪ್ರತಿ ವಾರ ಫೋನ್ ಮಾಡಿದೆ. ಒಂದು ವಾರ ಸಕ್ಕರೆ ಇಳಿದಿತ್ತು, ಮುಂದಿನ ವಾರ ಏರಿತ್ತು. ಮನೆಯಲ್ಲಿ ಒಬ್ಬಟ್ಟು ಮಾಡಿದ್ದರಂತೆ. ಆ ಸಲ ಅಜ್ಜಿಯೇ ಫೋನ್ ಕಿತ್ತುಕೊಂಡು, "ಒಬ್ಬಟ್ಟು ತಿಂದೋಳು ನಾನು, ಇವ್ಳನ್ನ ಯಾಕೆ ಬಯ್ತೀಯಾ?" ಎಂದರು. ನಾನು ಬೈದಿರಲಿಲ್ಲ. ಆದರೂ ಅವರು ಮಾತನಾಡಿದ್ದಕ್ಕೆ ಸಂತೋಷಪಟ್ಟೆ.

ಎರಡು ವಾರ ಬಿಡದೆ ಸಕ್ಕರೆ ಸರಿಯಾಗಿ ನಿಂತ ಮೇಲೆ ತಿರುಮಣಿ ಶಿಬಿರಕ್ಕೆ ಕರೆದೆ. ಬಂದರು. ಲೆನ್ಸಿನ ಅಳತೆ ಅಲ್ಲೇ ಆಯಿತು. ವ್ಯಾನಿನಲ್ಲಿ ಮಧುಗಿರಿಯವರೆಗೂ ಅಜ್ಜಿ ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ನರ್ಸ್ ಬೆರಳು ಚುಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆ ಸಣ್ಣ ಯಂತ್ರದ ಪರದೆಯ ಮೇಲೆ ಅಂಕಿ ಮೂಡುವವರೆಗೆ ನಾನು ಕಾದಂತೆ ತಿರುಮಣಿಯಲ್ಲಿ ಯಾವ ಕಂಬಕ್ಕೂ ಕಾದಿರಲಿಲ್ಲ.

"ಸರಿಯಾಗಿದೆ" ಎಂದರು ನರ್ಸ್.

"ಏಮನ್ನಾರು? ಏನಂದ್ರು?" ಎಂದು ಅಜ್ಜಿ ಸೊಸೆಯನ್ನು ಕೇಳಿದರು.

"ಒಳಕ್ಕೆ ಕರ್ಕೊಂಡು ಓಯ್ತಾರಂತೆ ಅತ್ತೆ."

"ಈವಾಗ್ಲೇನಾ?" ಎಂದು ಅಜ್ಜಿಗೆ ಗಾಬರಿ. ಕಾಯುವುದಕ್ಕೆಂದೇ ತಯಾರಾಗಿ ಬಂದಿದ್ದರು, ಎಲೆಅಡಿಕೆಯ ಚೀಲವನ್ನು ಆಗಷ್ಟೇ ಬಿಚ್ಚಿದ್ದರು.

ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಅವರು ಮೊದಲು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಸೊಸೆಯನ್ನು ಹತ್ತಿರ ಕರೆದು ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಎಂಗೆ ಸೊರಗಿದ್ದೀಯಲ್ಲೇ! ಯಾರೂ ನಂಗೆ ಹೇಳ್ನೇ ಇಲ್ಲ" ಎಂದರು. ಸೊಸೆ ಅತ್ತಳು. ನಾನು ಮಾತನಾಡಿಸಿದಾಗ ನನ್ನ ಕಡೆ ತಿರುಗಿ ಕಣ್ಣು ಕಿರಿದು ಮಾಡಿದರು. "ವಾರ ವಾರ ಫೋನ್ ಮಾಡ್ತಿದ್ದೋಳು ನೀನಾ? ಇಷ್ಟು ಚಿಕ್ಕೋಳಾ? ದನಿ ಕೇಳಿದ್ರೆ ದೊಡ್ಡ ಯಜಮಾನಿ ತರ ಇದ್ದೆಯಲ್ಲವ್ವಾ!" ವಾರ್ಡಿನ ಇತರರೂ ನಕ್ಕರು.

ಸುದ್ದಿ ಟ್ರಸ್ಟಿನವರೆಗೂ ಹೋಯಿತು. ಟ್ರಸ್ಟಿಗಳಲ್ಲೊಬ್ಬರು, ಒಳ್ಳೆಯ ಮನುಷ್ಯ, ಉತ್ಸಾಹದಿಂದ ಕಾರು ಹತ್ತಿ ಬಂದರು. ಕೆಲಸ ಇಷ್ಟು ಸಲೀಸಾಗಿ ಆಗುತ್ತಿದ್ದರೆ ಶಿಬಿರಗಳನ್ನು ದುಪ್ಪಟ್ಟು ಮಾಡಿ, ಶಿರಾದಲ್ಲಿ ಎರಡು, ಪಾವಗಡದಲ್ಲಿ ಇನ್ನೊಂದು ಮಾಡಿ ಎಂದರು. ನಾನು ಆಗುವುದಿಲ್ಲ ಎಂದೆ. ಆಪರೇಷನ್ ಥಿಯೇಟರಿನಲ್ಲಿ ಒಂದು ವಾರಕ್ಕೆ ಎಷ್ಟು ಜನರನ್ನು ಚೆನ್ನಾಗಿ ನೋಡಬಹುದೋ ಅಷ್ಟೇ ಜನರನ್ನು ಶಿಬಿರದಿಂದ ಕರೆತರಬೇಕು. ಮಿಕ್ಕವರಿಗೆ ಮುಂದಿನ ವಾರದ ದಿನ ಕೊಡಬೇಕು ಎಂದೆ.

"ಜನ ಬರ್ತೀವಿ ಅಂದ್ರೂ ಬೇಡ ಅಂತೀರಾ?" ಎಂದು ಅವರಿಗೆ ಆಶ್ಚರ್ಯ.

ನಾನು ಉತ್ತರ ಕೊಡುವ ಮುಂಚೆಯೇ ಡಾಕ್ಟರು ಮಾತನಾಡಿದರು. "ವ್ಯಾನ್ ತುಂಬಿಸೋದು ಸುಲಭ ಸರ್. ನಾವು ಬಹಳ ವರ್ಷ ಅದನ್ನೇ ಮಾಡಿದ್ವಿ. ಎಷ್ಟು ಜನರನ್ನ ಕರ್ಕೊಂಡು ಬಂದ್ವಿ ಅಂತ ಹೇಳ್ಕೊಳ್ಳೋದು ಬೇಡ. ಎಷ್ಟು ಜನ ಕಣ್ಣು ಬಿಟ್ಕೊಂಡು ಮನೆಗೆ ಹೋದ್ರು, ಅದನ್ನ ಮಾತ್ರ ಕೇಳಿ." ಆಮೇಲೆ ಸ್ವಲ್ಪ ತಡೆದು, "ಆ ಎರಡನೇ ಟೇಬಲ್ಲೂ ಈಗ ಬೇಡ. ಅದರ ಬದಲು ಅಳತೆ ತೆಗೆಯೋಕೆ ಇನ್ನೊಬ್ಬರನ್ನ ಕೊಡಿ" ಎಂದರು. ನಾನು ಅವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಇನ್ನೊಬ್ಬ ತಂತ್ರಜ್ಞೆ ಆ ಮಳೆಗಾಲದಲ್ಲೇ ಸೇರಿದಳು.

ಈಗಲೂ ಎಲ್ಲವೂ ಅಂದುಕೊಂಡಂತೆ ನಡೆಯುತ್ತದೆ ಎಂದು ಹೇಳಲಾರೆ. ಶಿರಾದ ಒಂದು ಶಿಬಿರದಲ್ಲಿ ಮದುವೆಯೊಂದು ಬಂದು ನಮಗೆ ಗೊತ್ತು ಮಾಡಿದ್ದ ಸಭಾಂಗಣವೇ ಕೈ ತಪ್ಪಿತು. ಬಯಲಿನಲ್ಲಿ ಶಾಮಿಯಾನ ಹಾಕಿಸಿ ನಡೆಸಿದೆವು. ಆದರೆ ತಪ್ಪಾದಾಗ ಯಾರನ್ನು ಬೈಯಬೇಕು ಎಂಬ ಮಾತು ಈಗ ಮೊದಲು ಬರುವುದಿಲ್ಲ. ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಗೋಡೆಯ ಮುಂದೆ ಐದೇ ನಿಮಿಷ ನಿಲ್ಲುತ್ತೇವೆ. ನಿನ್ನೆ ಕೆಲಸ ಎಲ್ಲಿ ನಿಂತಿತು, ಇವತ್ತು ಎಲ್ಲಿ ನಿಲ್ಲಬಹುದು, ಯಾರಿಗೆ ಯಾರ ಸಹಾಯ ಬೇಕು. ಅಷ್ಟೇ ಮಾತು. ಕುರ್ಚಿ ಹಾಕಿದರೆ ಮಾತು ಉದ್ದವಾಗುತ್ತದೆಂದು ಕುರ್ಚಿ ಹಾಕಿಸಿಲ್ಲ. ಡಾಕ್ಟರು ಮಾತ್ರ ಮೊಣಕಾಲು ನೋವೆಂದು ಗೋಡೆಗೆ ಒರಗಿಕೊಳ್ಳುತ್ತಾರೆ.

ಕಳೆದ ವರ್ಷ ಕೊರಟಗೆರೆ ಶಿಬಿರದ ದಿನವೇ ಶಿರಾದಲ್ಲಿ ನನ್ನ ತಂಗಿಯ ಸೀಮಂತ ಬಂತು. ನಾನಿಲ್ಲದೆ ನಡೆದ ಮೊದಲ ಶಿಬಿರ ಅದು. ತಂಗಿಯ ಮನೆಯಲ್ಲಿ ಬಳೆ ತೊಡಿಸುವಾಗಲೂ ಫೋನನ್ನು ಕೈಯಲ್ಲೇ ಹಿಡಿದಿದ್ದೆ. "ಲೇ, ಅದನ್ನ ಪಕ್ಕಕ್ಕಿಡೇ" ಎಂದು ಅಮ್ಮ ಎರಡು ಸಲ ಗದರಿದರು. ಫೋನ್ ಬರಲೇ ಇಲ್ಲ. ಸಂಜೆ ತಡೆಯಲಾರದೆ ನಾನೇ ಮಾಡಿದೆ. ನರ್ಸ್ ಎತ್ತಿಕೊಂಡು, "ಯಾಕೆ ಮೇಡಂ, ಏನಾದ್ರೂ ಮರೆತಿದ್ದೀರಾ?" ಎಂದರು.

ಸೋಮವಾರ ಹೋಗಿ ನೋಡಿದರೆ ಗೋಡೆಯ ಮೇಲೆ ಶಿಬಿರ ಶುರುವಾಗುವ ಹೊತ್ತನ್ನು ನಾನು ಬರೆದಿದ್ದ ಚೀಟಿ ಕಾಣೆಯಾಗಿತ್ತು. ಅದರ ಜಾಗದಲ್ಲಿ ನರ್ಸಿನ ದುಂಡು ಅಕ್ಷರದ ಚೀಟಿ. ಕೊರಟಗೆರೆಗೆ ಜನ ಮೊದಲ ಖಾಸಗಿ ಬಸ್ಸುಗಳಲ್ಲೇ ಬಂದಿಳಿಯುತ್ತಾರೆ, ನಾವು ತಡವಾಗಿ ಬಾಗಿಲು ತೆಗೆದರೆ ಅಲ್ಲೇ ಒಂದು ಕಾಯುವ ವರಾಂಡ ಶುರುವಾಗುತ್ತದೆ. ಹಾಗಾಗಿ ಹೊಸ ತಂತ್ರಜ್ಞೆಯನ್ನು ಹಿಂದಿನ ಸಂಜೆಯೇ ಕಳಿಸಿ, ಬಸ್ಸಿನ ಹೊತ್ತಿಗೇ ಕೆಲಸ ಶುರು ಮಾಡಿಸಿದೆ ಎಂದು ನರ್ಸ್ ವಿವರಿಸಿದರು.

"ನಿಮ್ಮನ್ನ ಕೇಳ್ದೆ ಬದಲಾಯಿಸ್ಬುಟ್ಟೆ ಮೇಡಂ" ಎಂದರು. ಅವರ ದನಿಯಲ್ಲಿ ಹಿಂಜರಿಕೆ ಇರಲಿಲ್ಲ. ಹೇಗಿದೆ ಎಂದು ಕೇಳುವ ಸಂಭ್ರಮವಿತ್ತು.

ನನ್ನದಕ್ಕಿಂತ ಅದು ಚೆನ್ನಾಗಿತ್ತು. ಹಾಗೆಂದೇ ಹೇಳಿದೆ. ಪಾವಗಡದ ಶಿಬಿರಕ್ಕೂ ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬರೋಣವೆಂದು ಅವರು ಡ್ರೈವರಣ್ಣನನ್ನು ಕೂಗಿದರು, ನಾನು ಟೀ ತರಿಸಲು ಹೊರಗೆ ಹೋದೆ.